ಕೈ ನಿಲ್ಲಿಸಿದ ಕಾದಂಬರಿ

ಡಿಸೆಂಬರ್ ಬಂದರೆ ನನ್ನ ಫೋನಿಗೆ ಒಂದು ಕಾಯಿಲೆ ಬರುತ್ತದೆ. ಮೈಸೂರಿನಲ್ಲಿ ಜೊತೆಗೆ ಓದಿದ ಗೆಳತಿಯರದೊಂದು ಗುಂಪಿದೆ. ವರ್ಷವಿಡೀ ಅಲ್ಲಿ ಹುಟ್ಟುಹಬ್ಬದ ಕೇಕು, ಮಂಡಿನೋವಿನ ಎಣ್ಣೆ, ಮಕ್ಕಳ ಮಾರ್ಕ್ಸ್ ಕಾರ್ಡು. ವರ್ಷದ ಕೊನೆಯ ವಾರ ಮಾತ್ರ ಎಲ್ಲರೂ ಇದ್ದಕ್ಕಿದ್ದಂತೆ ಸಾಹಿತ್ಯಕ್ಕೆ ಬೀಳುತ್ತಾರೆ. ‘ಈ ವರ್ಷ ನಾನು ಮೆಚ್ಚಿದ ಹತ್ತು ಕಾದಂಬರಿಗಳು’ ಎಂದು ಪಟ್ಟಿ ಬರುತ್ತದೆ. ಪಟ್ಟಿಯ ಜೊತೆ ಒಂದು ಫೋಟೋ, ಫೋಟೋದಲ್ಲಿ ಪುಸ್ತಕಗಳು, ಪಕ್ಕದಲ್ಲಿ ಕಾಫಿ ಲೋಟ, ಲೋಟದ ಪಕ್ಕ ಕನ್ನಡಕ. ಕಾಲೇಜಿನಲ್ಲಿ ನೋಟ್ಸು ಕೂಡ ಓದದವಳೊಬ್ಬಳು ಈ ಸಲ ಹದಿನೆಂಟು ಹಾಕಿದ್ದಾಳೆ. ಕೆಳಗೆ ನನ್ನ ಹೆಸರು ಹಿಡಿದು ‘ನಿನ್ನದೆಲ್ಲಿ?’ ಎಂದು ಕೇಳಿದ್ದಾಳೆ. ಒಂದು ಕಾಲದಲ್ಲಿ ಆ ಗುಂಪಿಗೆಲ್ಲ ಓದುವವಳು ಅಂತ ಇದ್ದವಳು ನಾನೊಬ್ಬಳೇ, ಹಾಗಾಗಿ ಆ ಪ್ರಶ್ನೆ ಸ್ವಲ್ಪ ಚುಚ್ಚಿತು.

ಬೀರು ತೆಗೆದೆ. ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ ಬಿತ್ತನೆ ರಾಗಿ, ನಡುವಿನದರಲ್ಲಿ ರೇಷ್ಮೆ ಸೀರೆ, ಕೆಳಗಿನದರಲ್ಲಿ ಸಾಹಿತ್ಯ. ಒಂದೊಂದೇ ಪುಸ್ತಕ ಹೊರತೆಗೆದಂತೆ ಎಲ್ಲದರೊಳಗಿಂದಲೂ ಒಂದೊಂದು ತುಂಡು ದಾರ ಇಳಿಬಿದ್ದಿತ್ತು. ಪುಟದ ಗುರುತಿಗೆಂದು ಇಟ್ಟ, ಹೊಗೆಸೊಪ್ಪು ಕಟ್ಟುವ ದಾರ. ಪುಟದ ಅಂಚುಗಳಲ್ಲಿ ಕಂದು ಬಣ್ಣದ ಹೆಬ್ಬೆರಳ ಗುರುತು, ಅದು ಕಟ್ಟುವವರ ಕೈಯ ಸೊಪ್ಪಿನ ಅಂಟು. ಸೋಪಿಗೂ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಬಗ್ಗುವುದಿಲ್ಲ. ಗ್ರಂಥಾಲಯದ ಪುಸ್ತಕವೂ ಒಂದಿತ್ತು, ಅದನ್ನು ಯಾವ ಮುಖ ಹೊತ್ತು ವಾಪಸ್ ಕೊಡಲಿ ಎಂದು ಮೂರು ತಿಂಗಳಿಂದ ಯೋಚಿಸುತ್ತಿದ್ದೇನೆ.

ಗಟ್ಟಿಯಾಗಿ ಓದುವ ಚಟ ನನಗೆ ಅಂಟಿದ್ದು ಅಜ್ಜಿಯಿಂದ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಊರು. ಅಜ್ಜಿಗೆ ಓದು ಬಾರದು, ಕತೆ ಬಿಟ್ಟರೆ ಹೊತ್ತು ಹೋಗದು. ಅಂಗಡಿಯಿಂದ ಬೇಳೆ, ಬೆಲ್ಲ ಕಟ್ಟಿಕೊಂಡು ಬಂದ ಪೊಟ್ಟಣದ ಕಾಗದವನ್ನು ಹುಷಾರಾಗಿ ಬಿಚ್ಚಿ, ತೊಡೆಯ ಮೇಲೆ ಉಜ್ಜಿ ಸಪಾಟು ಮಾಡಿ ನನ್ನ ಕೈಗೆ ಕೊಡುತ್ತಿದ್ದಳು. ಅದರಲ್ಲಿ ಯಾವುದೋ ವಾರಪತ್ರಿಕೆಯ ಯಾವುದೋ ಧಾರಾವಾಹಿಯ ಯಾವುದೋ ಕಂತು. ತಲೆ ಇದ್ದರೆ ಬಾಲ ಇಲ್ಲ, ಎರಡೂ ಇದ್ದರೆ ನಡುವೆ ಬೆಲ್ಲದ ಪಾಕ ಅಂಟಿ ಅರ್ಧ ಸಂಭಾಷಣೆ ಮಾಯ. ನಾನು ಓದುವಷ್ಟು ಓದುತ್ತಿದ್ದೆ, ಉಳಿದದ್ದನ್ನು ಅಜ್ಜಿ ಅಕ್ಕಿ ಆರಿಸುತ್ತಾ ಮುಗಿಸುತ್ತಿದ್ದಳು. ಅವಳ ಕೈಗೆ ಸಿಕ್ಕ ಯಾವ ಪಾತ್ರವೂ ಮದುವೆಯಾಗದೆ ತಪ್ಪಿಸಿಕೊಂಡಿಲ್ಲ. ಒಂದು ಸಲ ನಾಯಕಿಗೂ ಖಳನಾಯಕನಿಗೂ ಮದುವೆ ಮಾಡಿಸಿದಳು, ಬೇರೆ ಗಂಡು ಆ ಕಾಗದದಲ್ಲಿ ಇರಲಿಲ್ಲ.

ಅಲ್ಲಿಂದ ನನ್ನನ್ನು ತಂದು ಹುಣಸೂರು ತಾಲೂಕಿನ ಈ ಊರಿಗೆ ಕೊಟ್ಟರು. ಇಲ್ಲಿ ಜುಲೈನಿಂದ ಮೂರು ತಿಂಗಳು ಮನುಷ್ಯರಿಗೆ ಹೊಗೆಸೊಪ್ಪು ಬಿಟ್ಟು ಬೇರೆ ಯೋಚನೆ ಇರುವುದಿಲ್ಲ. ಬೆಳಿಗ್ಗೆ ಹೊಲದಲ್ಲಿ ಎಲೆ ಮುರಿಯಬೇಕು, ಮುರಿದದ್ದನ್ನು ನೆರಳಿಗೆ ತಂದು ಹೆಂಗಸರು ಸಾಲಾಗಿ ಕುಳಿತು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟಬೇಕು, ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ಮೇಲಿಂದ ಕೆಳಗಿನ ತನಕ ತೂಗುಹಾಕಿ, ಕೆಳಗಿನ ಒಲೆಗೆ ಸೌದೆ ತುಂಬಿ ದಿನಗಟ್ಟಲೆ ಬೇಯಿಸಬೇಕು. ಮುರಿದ ಸೊಪ್ಪು ಆ ದಿನವೇ ಕಡ್ಡಿಗೇರಬೇಕು. ರಾಶಿಯಲ್ಲೇ ಬಿಟ್ಟರೆ ಒಳಗೊಳಗೇ ಬಿಸಿಯಾಗಿ ಕಪ್ಪು ತಿರುಗುತ್ತದೆ. ಬ್ಯಾರನ್ ಅರ್ಧ ತುಂಬಿದರೂ ಸೌದೆ ಮಾತ್ರ ಪೂರ್ತಿ ಬೇಕು.

ಭತ್ತದ ಊರಿನವಳಿಗೆ ಈ ಕಟ್ಟುವ ಕೆಲಸ ಒಗ್ಗಲಿಲ್ಲ. ಮದುವೆಯಾದ ವರ್ಷ ನಾನು ಕಟ್ಟಿದ ಕಡ್ಡಿಗಳು ನೋಡಲು ಚೆನ್ನಾಗಿಯೇ ಇದ್ದವು. ಬ್ಯಾರನ್ ಒಳಗೆ ಕಾವು ಏರಿದಾಗ ಎಲೆ ಬಾಡಿ, ಗಂಟು ಸಡಿಲಾಗಿ, ಒಂದು ಕಡ್ಡಿಯ ಸೊಪ್ಪು ಪೂರ್ತಿ ಕೆಳಗೆ ಒಲೆಯ ಕಾವು ಹರಿಯುವ ಕೊಳವೆಯ ಮೇಲೆ ಬಿದ್ದು ಹೊಗೆಯಾಡಿತು. ಅತ್ತೆ ಬಾಗಿಲು ತೆಗೆದು ಎರಡು ಕೊಡ ನೀರು ಎರಚಿದರು. ಬೆಂಕಿ ಆರಿತು. ಬೇರೆ ಅತ್ತೆಯಾಗಿದ್ದರೆ ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದರೋ ಏನೋ, ಇವರು ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಾಳಿಂದ ಸೊಪ್ಪ ಮುಟ್ಬ್ಯಾಡ ಕಣವ್ವ” ಎಂದರು, ಅಷ್ಟೇ. ಇಪ್ಪತ್ತು ವರ್ಷ ನಾನು ಮುಟ್ಟಲಿಲ್ಲ. ಕಾಫಿ ಕಾಸಿದೆ, ಮುದ್ದೆ ತೊಳಸಿದೆ.

ನಮ್ಮ ಬೀದಿಯಲ್ಲಿ ಸೊಪ್ಪು ಕಟ್ಟಲು ಮುಯ್ಯಾಳಿನ ಪದ್ಧತಿ. ಈ ದಿನ ನಿಮ್ಮ ಬ್ಯಾರನ್‌ಗೆ ನಮ್ಮ ಮನೆಯಿಂದ ಒಬ್ಬರು ಬಂದರೆ, ನಮ್ಮ ಬ್ಯಾರನ್ ದಿನ ನಿಮ್ಮ ಮನೆಯಿಂದ ಒಬ್ಬರು ಬರಬೇಕು. ನಮ್ಮ ಮನೆಯ ಆಳು ಯಾವತ್ತೂ ಅತ್ತೆಯೇ. ಈ ಸಲದ ಸೀಸನ್ನಿನ ಶುರುವಿನಲ್ಲಿ ಅವರಿಗೆ ಜ್ವರ ಬಂತು, ನಾನು ಹೋಗಬೇಕಾಯಿತು. ಪಕ್ಕದ ಮನೆಯ ಸಾಕಮ್ಮನ ಬ್ಯಾರನ್. ಸಾಕಮ್ಮ ಅತ್ತೆಯ ವಾರಗೆಯವಳು, ಮಾತಿಗೆ ಹಿಂದುಮುಂದು ನೋಡುವವಳಲ್ಲ. ನನ್ನ ಗಂಟಿನ ಖ್ಯಾತಿ ಇಪ್ಪತ್ತು ವರ್ಷವಾದರೂ ಮಾಸಿರಲಿಲ್ಲವಾದ್ದರಿಂದ ಯಾರೂ ನನಗೆ ಕಡ್ಡಿ ಕೊಡಲಿಲ್ಲ. ಸುಮ್ಮನೆ ಕುಳಿತು ಸಾಕಾಗಿ ಚೀಲದಿಂದ ಪುಸ್ತಕ ತೆಗೆದೆ.

“ನೊಣ ಹೊಡ್ಕಂಡ್ ಕುಂತ್ಕೊಳೋಕ್ಕಿಂತ ಅದ್ನಾದ್ರೂ ಗಟ್ಟಿಯಾಗ್ ಓದವ್ವ, ನಮ್ಗೂ ಹೊತ್ತೋಯ್ತದೆ” ಎಂದಳು ಸಾಕಮ್ಮ.

ಓದಿದೆ. ಸಂಜೆ ಹೊರಡುವಾಗ ಪಂಚಾಯಿತಿ ನಡೆಯಿತು. ಓದುವುದು ಮುಯ್ಯಿಗೆ ಸೇರುತ್ತದೋ ಇಲ್ಲವೋ ಎಂಬ ಬಗ್ಗೆ ಹಿಂದಿನವರು ಏನೂ ಹೇಳಿ ಹೋಗಿರಲಿಲ್ಲ. ಕೊನೆಗೆ ಓದುವವಳು ಅರ್ಧ ಆಳು ಎಂದು ತೀರ್ಮಾನವಾಯಿತು. ಮಿಕ್ಕ ಅರ್ಧವನ್ನು ತುಂಬಿಕೊಡಲು ಜ್ವರ ಬಿಟ್ಟ ಅತ್ತೆ ನನ್ನ ಜೊತೆ ಬೆಳಿಗ್ಗೆ ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಕಡ್ಡಿ ಇಟ್ಟು ಎದ್ದು ಹೋಗುತ್ತಿದ್ದರು. ಹೀಗಾಗಿ ಊರಿನಲ್ಲಿ ಎಲ್ಲ ಕಾದಂಬರಿಗಳನ್ನೂ ಅರ್ಧರ್ಧ ಕೇಳಿದವರು ಅವರೊಬ್ಬರೇ. ಕೇಳುತ್ತಾರೆ ಎಂದು ನನಗೇನೂ ಅನ್ನಿಸಿರಲಿಲ್ಲ. ಅವರ ಕಣ್ಣು ಕೈ ಎರಡೂ ಸೊಪ್ಪಿನ ಮೇಲೆ. ಒಂದೇ ಒಂದು ಸಲ ದಾರಿಯಲ್ಲಿ ಎಚ್ಚರಿಕೆ ಕೊಟ್ಟರು: “ಓದು, ಬ್ಯಾಡ ಅನ್ನಕಿಲ್ಲ. ಆದ್ರೆ ನಿನ್ ಕತೆ ದೆಸೆಯಿಂದ ನಮ್ ಬ್ಯಾರನ್ ಖಾಲಿ ಉಳೀತು ಅಂದ್ರೆ ಪುಸ್ತಕ ಒಲೆಗೆ.” ಅತ್ತೆ ತಮಾಷೆ ಮಾಡುವವರಲ್ಲ.

ಮೊದಲು ಓದಿದ್ದು ಒಂದು ದಪ್ಪ ಕಾದಂಬರಿ. ದೊಡ್ಡ ಮನೆ, ಮೂರು ತಲೆಮಾರು, ಏಳು ಜನ ಅಣ್ಣತಮ್ಮಂದಿರು, ಅವರ ಮಕ್ಕಳಿಗೆಲ್ಲ ಅಜ್ಜಂದಿರದೇ ಹೆಸರು. ಸಾಕಮ್ಮ ಎರಡು ದಿನ ಪ್ರತಿ ಪುಟಕ್ಕೂ “ಇವ್ನ್ ಯಾರ್ ಮಗ?” ಎಂದು ಕೇಳಿದಳು. ಮೂರನೆಯ ದಿನ ಕೇಳುವುದು ಬಿಟ್ಟಳು. ಎಲ್ಲರೂ ಬಿಟ್ಟರು. ತಲೆ ತಗ್ಗಿಸಿ ಸೊಪ್ಪು ಕಟ್ಟಿದರು. ಬ್ಯಾರನ್ ನಾಲ್ಕು ಗಂಟೆಗೇ ತುಂಬಿತು. ಬ್ಯಾರನ್ ಮನೆಯ ಯಜಮಾನರು ನನ್ನ ಹತ್ತಿರ ಬಂದು, “ಬಾಳ ಒಳ್ಳೆ ಪುಸ್ತಕ ಕಣವ್ವ, ನಮ್ಮಣ್ಣನ ಬ್ಯಾರನ್‌ಗೂ ಇದ್ನೇ ಓದು” ಎಂದರು. ನಾಲ್ಕು ಬ್ಯಾರನ್ ಅದರಲ್ಲೇ ಕಳೆಯಿತು. ಮೈಸೂರಿನ ಗೆಳತಿಯ ಪಟ್ಟಿಯಲ್ಲೂ ಅದೇ ಮೊದಲ ಸ್ಥಾನದಲ್ಲಿದೆ. ಅವಳು ಏನು ಕಟ್ಟುತ್ತಾ ಓದಿದಳೋ ತಿಳಿಯದು.

ಎರಡನೆಯದು ಪತ್ತೇದಾರಿ. ಬಂಗಲೆಯಲ್ಲಿ ಸಾಹುಕಾರನ ಕೊಲೆ, ಮನೆಯಲ್ಲಿದ್ದವರೆಲ್ಲರ ಮೇಲೂ ಅನುಮಾನ. ಸೊಪ್ಪು ಕಟ್ಟುವವರಲ್ಲಿ ರತ್ನ ಅಂತ ಒಬ್ಬಳಿದ್ದಾಳೆ. ಎಚ್.ಡಿ. ಕೋಟೆ ಆಚೆ ಎನ್. ಬೇಗೂರಿನಿಂದ ಬಂದ ಸೊಸೆ, ಎಲ್ಲರಿಗಿಂತ ಚಿಕ್ಕವಳು. ಎರಡನೆಯ ಅಧ್ಯಾಯದಲ್ಲೇ “ಡಾಕ್ಟ್ರೇ ಕೊಂದಿರೋದು” ಎಂದಳು.

“ಅದೆಂಗ್ ಏಳ್ತೀಯೆ?” ಎಂದಳು ಸಾಕಮ್ಮ.

“ಕಾಫಿ ಕುಡ್ದು ಲೋಟ ತೊಳ್ದು ಬೋರ್ಲು ಹಾಕವ್ನೆ ಕಣಕ್ಕ. ಗಂಡಸು ಸುಮ್‌ಸುಮ್ಕೆ ಲೋಟ ತೊಳ್ದಾನಾ?”

ಅಲ್ಲಿಗೆ ತೀರ್ಪಾಯಿತು. ಮುಂದಿನ ಇನ್ನೂರು ಪುಟ ಪತ್ತೇದಾರ ಅಲೆಯುತ್ತಿದ್ದರೆ ನಾವು ಅವನು ಲೋಟದ ಹತ್ತಿರ ಯಾವಾಗ ಬರುತ್ತಾನೆ ಎಂದು ಕಾದೆವು. ಡಾಕ್ಟರೇ ಕೊಂದಿದ್ದ. ಪುಸ್ತಕದಲ್ಲಿ ಲೋಟದ ವಿಷಯ ಮತ್ತೆ ಬರಲೇ ಇಲ್ಲ, ಲೇಖಕರಿಗೇ ಅದು ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಮೂರನೆಯದರ ರಟ್ಟಿನ ಮೇಲೆ ಪ್ರಶಸ್ತಿಯ ಮುದ್ರೆಯಿತ್ತು. ಒಬ್ಬ ಮನುಷ್ಯ ಪೇಟೆಯ ಮಹಡಿ ಮನೆಯ ಕಿಟಕಿಯ ಬಳಿ ನಿಂತು ಬದುಕಿಗೆ ಅರ್ಥವಿದೆಯೇ ಎಂದು ಯೋಚಿಸುತ್ತಾನೆ. ನೂರೈವತ್ತು ಪುಟವಾದರೂ ಕಿಟಕಿ ಬಿಟ್ಟು ಕದಲುವುದಿಲ್ಲ. “ಇವ್ನಿಗ್ ಯಾರಾದ್ರೂ ಒಂದ್ ಎಮ್ಮೆ ಕೊಡ್ಸ್ರವ್ವ” ಎಂದಳು ಸಾಕಮ್ಮ. ಇಬ್ಬರು ಕಡ್ಡಿಗೆ ಒರಗಿ ನಿದ್ದೆ ಹೋದರು. ನನಗೆ ಆ ಕಾದಂಬರಿ ಇಷ್ಟವೇ ಆಯಿತು. ಅಡುಗೆಮನೆಯಲ್ಲಿ ಒಬ್ಬಳೇ ಓದಿ ಮುಗಿಸಿದೆ, ಕೊನೆಯಲ್ಲಿ ಅವನು ಕಿಟಕಿ ಮುಚ್ಚುತ್ತಾನೆ. ಮಾರನೆಯ ದಿನ ಹೇಳಿದಾಗ “ಸದ್ಯ” ಎಂದರು ಎಲ್ಲರೂ.

ಈ ಹೊತ್ತಿಗೆ ನನಗೆ ಒಂದು ಸತ್ಯ ತಿಳಿದಿತ್ತು. ಪುಸ್ತಕ ಸಾಧಾರಣವಾಗಿದ್ದರೆ ಬ್ಯಾರನ್ ತುಂಬುತ್ತದೆ. ಕತೆ ಹಿಡಿದುಕೊಂಡರೆ ಕೈ ನಿಧಾನವಾಗುತ್ತದೆ. ಮನೆಯ ಯಜಮಾನರೆಲ್ಲ ಬೇಜಾರಿನ ಪುಸ್ತಕವನ್ನು ಹೊಗಳುವುದೂ ಇದಕ್ಕೇ. ವಿಮರ್ಶೆ ಎಂದರೆ ಏನು ಎಂದು ಕಾಲೇಜಿನಲ್ಲಿ ಎರಡು ವರ್ಷ ಪಾಠ ಕೇಳಿದ್ದೆ, ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನಾಲ್ಕನೆಯದನ್ನು ಹುಣಸೂರಿನ ಸಂತೆಯಲ್ಲಿ ಹಳೆಯ ಪುಸ್ತಕದ ರಾಶಿಯಿಂದ ತಂದಿದ್ದೆ. ತೆಳ್ಳಗಿನದು. ರಟ್ಟು ಹೋಗಿತ್ತು, ರಟ್ಟಿನ ಜೊತೆ ಮೊದಲ ಎರಡು ಹಾಳೆಯೂ ಹೋಗಿ ಕಾದಂಬರಿಯ ಹೆಸರಿಲ್ಲ, ಬರೆದವರ ಹೆಸರಿಲ್ಲ. ನಮ್ಮ ಹೆಂಗಸರು ಅದನ್ನು ‘ರಟ್ಟಿಲ್ಲದ್ದು’ ಎಂದೇ ಕರೆದರು. ನನ್ನ ವರ್ಷದ ಕಾದಂಬರಿ ಅದು. ಫೋನಿನ ಗುಂಪಿಗೆ ಬರೆದೂ ಹಾಕಿದೆ: ‘ನನ್ನ ಪಟ್ಟಿಯಲ್ಲಿ ಒಂದೇ ಇದೆ, ಹೆಸರು ಗೊತ್ತಿಲ್ಲ.’ ಮೂವರು ಹೆಬ್ಬೆರಳು ಎತ್ತಿದ್ದಾರೆ. ಒಬ್ಬಳು ‘ಎಲ್ಲಿ ಸಿಗುತ್ತೆ?’ ಎಂದು ಕೇಳಿದ್ದಾಳೆ.

ಅದರಲ್ಲಿ ಒಬ್ಬ ಹೆಂಗಸು. ಹಳ್ಳಿಯ ಮನೆ, ಗಂಡ, ಮಕ್ಕಳು, ಹಸು. ಒಂದು ದಿನ ಬೆಳಿಗ್ಗೆ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಒಂದು ಚೀಲ ತೆಗೆದುಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಇಷ್ಟನ್ನು ಸಾಕಮ್ಮನ ಎರಡನೆಯ ಬ್ಯಾರನ್ ದಿನ ಓದಿದೆ.

“ಗಂಡ ಒಡ್ದಿದ್ನಾ?” ಎಂದಳು ಸಾಕಮ್ಮ.

“ಇಲ್ಲ.”

“ಕುಡೀತಾನಾ?”

“ಇಲ್ಲ.”

“ಅತ್ತೆ ಕಾಟವಾ?”

“ಅತ್ತೆ ಸತ್ತು ಆರು ವರ್ಷ ಆಗಿದೆ.”

“ಮತ್ಯಾಕ್ ಓಯ್ತಾಳೆ?”

“ಬರೆದಿಲ್ಲ ಸಾಕಮ್ಮ.”

ಸಾಕಮ್ಮನ ಕೈ ನಿಂತಿತು. ಆಮೇಲೆ ರತ್ನಳದು. ಊಟದ ಹೊತ್ತಿಗೆ ಅತ್ತೆ ಎಂದಿನಂತೆ ಎದ್ದು ಹೋದರು. ಮಧ್ಯಾಹ್ನ ನಾನು ಓದುತ್ತಾ ಹೋದಂತೆ ಒಬ್ಬೊಬ್ಬರೇ ಕಡ್ಡಿ ತೊಡೆಯ ಮೇಲಿಟ್ಟುಕೊಂಡು ನನ್ನ ಬಾಯಿ ನೋಡುತ್ತಾ ಕುಳಿತರು. ಆ ಹೆಂಗಸು ದಾರಿಯಲ್ಲಿ ನಡೆಯುತ್ತಾಳೆ, ಸಿಕ್ಕವರು ಎಲ್ಲಿಗೆ ಎಂದು ಕೇಳುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳುತ್ತಾಳೆ, ಅಷ್ಟೇ. ಸಂಜೆ ನೋಡಿದರೆ ಸಾಕಮ್ಮನ ಬ್ಯಾರನ್‌ನಲ್ಲಿ ಮೇಲಿನ ಎರಡು ಸಾಲು ಖಾಲಿ. ಗಂಡನಿಂದ ಬೈಸಿಕೊಂಡ ಸಾಕಮ್ಮ ನನ್ನ ಕಡೆ ತಿರುಗಿ, “ಆ ಪುಸ್ತಕವ ನನ್ನ ಮನೆ ಬಾಗ್ಲಿಗೆ ತಿರ್ಗಾ ತರ್ಬ್ಯಾಡ” ಎಂದಳು. ಕೊನೆಯ ಎರಡು ಅಧ್ಯಾಯ ಉಳಿದಿತ್ತು. ಸುದ್ದಿ ಹರಡಿ ಬೇರೆ ಮನೆಯವರೂ ಬೇಡವೆಂದರು. ದೇಶದಲ್ಲಿ ಪುಸ್ತಕಗಳು ಬೇರೆ ಬೇರೆ ಕಾರಣಕ್ಕೆ ನಿಷೇಧವಾಗುತ್ತವೆ, ಇದು ಸೊಪ್ಪಿನ ಕಾರಣಕ್ಕೆ ಆಯಿತು.

ಆದರೆ ಡೇರಿಗೆ ಹಾಲು ಹಾಕಲು ಹೋದರೆ ಒಬ್ಬಳು ಪಕ್ಕಕ್ಕೆ ಕರೆದು “ಅವ್ಳೇನಾದ್ಲಕ್ಕ?” ಎನ್ನುವಳು. ನಲ್ಲಿಯ ಹತ್ತಿರ ಇನ್ನೊಬ್ಬಳು. ಮನೆ ಬಾಗಿಲಿಗೆ ತರಬೇಡ ಎಂದ ಸಾಕಮ್ಮ ಹಿತ್ತಿಲ ಬೇಲಿಯ ಬಳಿ ಬಂದು ಕೇಳಿದಳು. ನಾನು ಓದಿ ಮುಗಿಸಿದ್ದೆ, ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. ಆ ಎರಡು ಅಧ್ಯಾಯವನ್ನು ಇವರಿಗೆ ಅದರದೇ ಮಾತಿನಲ್ಲಿ ಓದಿ ಕೇಳಿಸಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ನಿದ್ದೆಗಣ್ಣಿನಲ್ಲಿ ಕೂಡ ಅದೇ ಓದುತ್ತಿದ್ದೆನಂತೆ. ಉಳಿದಿದ್ದದ್ದು ಒಂದೇ ದಿನ. ಸೀಸನ್ನಿನ ಕೊನೆಯ ಮುರಿತದ ಸೊಪ್ಪು ನಮ್ಮದು. ಅದು ಕಳೆದರೆ ಹೆಂಗಸರು ಒಟ್ಟಿಗೆ ಕೂರುವುದು ಮುಂದಿನ ವರ್ಷಕ್ಕೆ.

ಆ ಬೆಳಿಗ್ಗೆ ನಾನು ಬೀರುವಿನ ಮುಂದೆ ಬಹಳ ಹೊತ್ತು ನಿಂತೆ. ನಮ್ಮ ಸೊಪ್ಪು, ನಮ್ಮ ಸೌದೆ, ಪುಸ್ತಕ ಒಲೆಗೆ ಎಂಬ ಅತ್ತೆಯ ಎಚ್ಚರಿಕೆ. ಆಸೆಯನ್ನು ಅಲ್ಲೇ ಬಿಟ್ಟು ದಪ್ಪದ್ದನ್ನು ಎತ್ತಿಕೊಂಡು ಬಂದೆ. ನನ್ನ ಸಾಹಿತ್ಯಪ್ರೇಮ ಅಷ್ಟರ ಮಟ್ಟಿನದು.

ಎಲ್ಲರೂ ಬಂದು ಕುಳಿತಿದ್ದರು. ನಾನು ಏಳು ಜನ ಅಣ್ಣತಮ್ಮಂದಿರಲ್ಲಿ ಮೂರನೆಯವನ ಮದುವೆಯನ್ನು ಶುರುಮಾಡಿದೆ. ಕೈಗಳು ಚುರುಕಾದವು. ಒಂದು ಪುಟ ಮುಗಿದಿರಬೇಕು, ಅತ್ತೆ ತಲೆಯೆತ್ತದೆ, “ಅದ ಮಡುಗು” ಎಂದರು.

“ಯಾಕತ್ತೆ?”

“ರಟ್ಟಿಲ್ಲದ್ದ ತತ್ತಾ.”

“ಬ್ಯಾರನ್ ತುಂಬಲ್ಲ ಅತ್ತೆ.”

“ಗೊತ್ತು ಕಣವ್ವ. ತತ್ತಾ.”

ಒಳಗೆ ಹೋಗಿ ಪುಸ್ತಕ ತಂದೆ. ಬಿಟ್ಟ ಜಾಗದಿಂದ ಓದು ಎಂದಳು ಸಾಕಮ್ಮ. “ಇಲ್ಲ” ಎಂದರು ಅತ್ತೆ, “ಅವತ್ತು ಉಣ್ಣೋ ಹೊತ್ಗೆ ನಾನ್ ಎದ್ದೋದ್ನಲ್ಲ, ಅಲ್ಲಿಂದ ಓದು. ಚೀಲ ಎತ್ಕೊಂಡ್ಲು ನೋಡು, ಅಲ್ಲಿಂದ.” ನಮ್ಮ ಬ್ಯಾರನ್, ಅವರ ಮಾತೇ ಮಾತು.

ಓದಿದೆ. ಅಂದು ನಾನು ಓದಿದಂತೆ ಜನ್ಮದಲ್ಲಿ ಓದಿಲ್ಲ. ಆ ಹೆಂಗಸು ಪೇಟೆಯ ಬಸ್‌ಸ್ಟ್ಯಾಂಡ್ ತಲುಪುತ್ತಾಳೆ. ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ. ಮೂರು ಬಸ್ಸು ಹೋಗಲು ಬಿಡುತ್ತಾಳೆ. ನಾಲ್ಕನೆಯದು ಬಂದಾಗ ಎದ್ದು, ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಾಳೆ, ಕಂಡಕ್ಟರ್ ಸೀಟಿ ಊದುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಒಂದು ಕೈಯೂ ಆಡುತ್ತಿರಲಿಲ್ಲ. ಹಸಿ ಸೊಪ್ಪಿನ ರಾಶಿ ಬೆಳಿಗ್ಗೆ ಇದ್ದಷ್ಟೇ ಇತ್ತು ಎಂದರೆ ಸ್ವಲ್ಪ ಹೆಚ್ಚಾದೀತು, ಅರ್ಧವಂತೂ ಇತ್ತು.

“ಬಸ್ ಅತ್ತುದ್ಲು” ಎಂದಳು ಸಾಕಮ್ಮ. “ಕಾಲಿಟ್‌ಮ್ಯಾಲೆ ಅತ್ತೋದೆಯ.”

“ಅತ್ತಿರಾಕಿಲ್ಲ ಕಣಕ್ಕ” ಎಂದಳು ರತ್ನ. “ಹಾಲ್ಗೆ ಹೆಪ್ಪಾಕ್ ಬಂದವ್ಳೆ. ತಿರ್ಗಾ ಬರಾಕಿಲ್ಲ ಅನ್ನೋಳು ನಾಳೆ ಮೊಸ್ರು ಯೋಚ್ನೆ ಮಾಡಾಳಾ?”

“ಮಕ್ಳಿಗೆ ಅಂತ ಆಕಿರ್ತಾಳೆ ಕಣ್ ಸುಮ್ಕಿರು.”

ಜಗಳ ಹಾಲು ಕರೆಯುವ ಹೊತ್ತಿನ ತನಕ ನಡೆಯಿತು. ಆಮೇಲೆ ಎಲ್ಲರೂ ಗಡಬಡಿಸಿ ಎದ್ದು ಹೋದರು. ಬೀದಿಯ ತಿರುವಿನಲ್ಲೂ ಸಾಕಮ್ಮನ ದನಿ ಕೇಳುತ್ತಿತ್ತು. ನನ್ನ ಗಂಡ ಬಂದು ಅರ್ಧ ಖಾಲಿ ಬ್ಯಾರನ್ ನೋಡಿದರು, ರಾಶಿ ನೋಡಿದರು, ತಾಯಿಯ ಮುಖ ನೋಡಿದರು, ಸೌದೆ ಹೊರಲು ಹೋದರು.

ನಾನು ಪುಸ್ತಕ ಹಿಡಿದುಕೊಂಡೇ ನಿಂತಿದ್ದೆ. ಅತ್ತೆ ಪಕ್ಕದ ಗೋಣಿತಾಟು ತಟ್ಟಿ, “ಕುಂತ್ಕೊ” ಎಂದು ಕಡ್ಡಿಯ ಒಂದು ತುದಿ ನನ್ನ ತೊಡೆಯ ಮೇಲಿಟ್ಟರು. “ಬೊಟ್ಟು ಇಲ್ಲಿ ಮಡುಗು. ದಾರ ಇಂಗ್ ಸುತ್ತು. ಎಳಿ. ಇನ್ನೊಸಿ ಎಳಿ.” ಇಬ್ಬರೂ ಕಟ್ಟತೊಡಗಿದೆವು. ಸಂಜೆ ಬಿಸಿಲು ಇನ್ನೂ ಚಪ್ಪರದ ಮೇಲಿತ್ತು. ನನ್ನ ಎರಡು ಗಂಟಿಗೆ ಅವರದು ಹತ್ತು.

ಒಂದು ಕಡ್ಡಿ ತುಂಬಿಸಿ ಅತ್ತೆ, “ಬರ್ದೋರು ಯಾಕೆ ಅಲ್ಲೇ ನಿಲ್ಲುಸ್‌ಬುಟ್ರು?” ಎಂದರು.

ನಾನು ಓದಿದವಳಲ್ಲವೇ, ವಿವರಿಸಿದೆ. ಕೊನೆಯನ್ನು ಓದುಗರ ಕಲ್ಪನೆಗೆ ಬಿಡುವುದು ಒಂದು ಕ್ರಮ ಎಂದೆ, ಇನ್ನೂ ಏನೇನೋ ಹೇಳಿದೆ. ಅತ್ತೆ ಎಲೆಗಳ ತೊಟ್ಟು ಜೋಡಿಸುತ್ತಾ ಪೂರ್ತಿ ಕೇಳಿದರು.

“ನಾನೂ ಓಗಿದ್ದೆ ಕಣವ್ವ” ಎಂದರು. “ಉಣಸೂರ್ ಬಸ್‌ಸ್ಟ್ಯಾಂಡ್‌ಗಂಟ. ನಿನ್ ಗಂಡ ಇನ್ನೂ ಅಂಬೆಗಾಲಿಕ್ತಿದ್ದ.”

ಯಾಕೆ ಎಂದು ಕೇಳಲು ಬಾಯಿ ತೆರೆದೆ. ಮಾವ ಹೊಡೆಯುವವರಲ್ಲ, ಕುಡಿಯುವವರಲ್ಲ. ಸಾಕಮ್ಮ ಕೇಳಿದ ಪ್ರಶ್ನೆಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು, ನನಗೇ ನಾಚಿಕೆಯಾಗಿ ನುಂಗಿಕೊಂಡೆ.

“ಮಡಿಕೇರಿ ಬಸ್ ಬಂತು. ಅತ್ತಿ ಕುಂತೆ ಕೂಡ. ಕಿಟ್ಕಿ ಪಕ್ಕ.”

“ಆಮೇಲೆ?”

“ಬ್ಯಾರನ್‌ಗೆ ಬೆಂಕಿ ಆಕ್‌ಬುಟ್ಟು ಬಂದಿದ್ದೆ. ನಿಮ್ಮಾವ ಪಿರಿಯಾಪಟ್ಟಣಕ್ಕೆ ಓಗಿದ್ರು. ಒಲೆ ನೋಡೋರ್ ಯಾರು?” ಗಂಟು ಬಿಗಿದು ದಾರ ಹಲ್ಲಿನಲ್ಲಿ ಕಡಿದರು. “ಇಳ್ಕೊಂಡ್ ಬಂದೆ.”

ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇವೆ. ಇವರೊಳಗೆ ಇಂಥದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟೊಂದು ಕಾದಂಬರಿ ಓದಿದ ನಾನು ಕೊನೆಗೆ, “ಆ ಸಲದ ಸೊಪ್ಪು ಹೆಂಗ್ ಬಂತು ಅತ್ತೆ?” ಎಂದೆ.

ಅತ್ತೆ ಕಟ್ಟಿ ಮುಗಿಸಿದ ಕಡ್ಡಿಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದರು. ಒಂದೆಲೆಯೂ ಬೀಳಲಿಲ್ಲ.

“ಚಿನ್ನದಂಗ್ ಬಂತು ಕಣವ್ವ” ಎಂದರು. “ಆ ಬಣ್ಣ ಆಮ್ಯಾಕೆ ಒಂದ್ ಸಲವೂ ಬರ್ನಿಲ್ಲ.”